ಎಡಕ್ಕೊಂದು ಲೈನರ್, ಬಲಕ್ಕೊಂದು

ನನ್ನ ಹೆಂಡತಿಯ ಅಣ್ಣ ರುದ್ರಪ್ಪನವರ ಕಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ. ಕಾಲಿನಲ್ಲೂ ಇರಲಿಲ್ಲ. ದೋಷವಿದ್ದದ್ದು ಕಾರಿನ ಬ್ರೇಕಿನಲ್ಲಿ. ಅದನ್ನು ಅಲ್ಲಿ ಇಡಿಸಿದವನು ನಾನು. ಗೊತ್ತಿದ್ದೂ ಊರ ಮುಂದೆ ಬಾಯಿ ಮುಚ್ಚಿಕೊಂಡಿದ್ದವನೂ — ಇಲ್ಲ, ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ಬಾಯಿ ತೆರೆದು ಸುಳ್ಳು ಹೇಳಿದೆ. ಆ ಸುಳ್ಳಿನಿಂದಾಗಿ, ಮತ್ತೋಡಿನಲ್ಲಿ ಅವರಷ್ಟು ಚೆನ್ನಾಗಿ ಕಾರು ಓಡಿಸುವವರು ಇನ್ನೊಬ್ಬರಿಲ್ಲ ಎನ್ನಿಸಿಕೊಂಡಿದ್ದ ಮನುಷ್ಯ ಗಟ್ಟಿಮುಟ್ಟಾದ ಪ್ರಾಯದಲ್ಲೇ ಸ್ಟೀರಿಂಗ್ ಬಿಟ್ಟರು. ಮತ್ತೆ ಮುಟ್ಟಲಿಲ್ಲ.

ತಪ್ಪನ್ನು ಮೊದಲು ಹೇಳಿದ್ದಾಯಿತು. ಈಗ ವಿವರ. ನಾನು ಓದಿ ಬೆಳೆದದ್ದು ಚಿತ್ರದುರ್ಗದ ಒಂದು ಮಠದ ವಿದ್ಯಾರ್ಥಿನಿಲಯದಲ್ಲಿ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಹಾಸಿಗೆಯನ್ನು ಗೋಡೆಗೆ ನೇರವಾಗಿ ಸುತ್ತಿಡಬೇಕು. ಹೀಗೆ ಬೆಳೆದವನಿಗೆ ಎಲ್ಲದಕ್ಕೂ ಒಂದು ಕ್ರಮ ಇದೆ, ಕ್ರಮ ತಪ್ಪದಿದ್ದರೆ ಫಲ ತಪ್ಪುವುದಿಲ್ಲ ಎಂಬ ನಂಬಿಕೆ ಬಂದುಬಿಡುತ್ತದೆ. ಆ ನಂಬಿಕೆಯೇ ನನ್ನನ್ನು — ಆದರೆ ಬೇಡ, ಅದರ ಮೇಲೆ ಹಾಕುವುದು ಬೇಡ.

ಎಪ್ಪತ್ತರ ದಶಕದ ನಡುವಿನ ಮಾತು. ನಾನಾಗ ಹಿರಿಯೂರಿನಲ್ಲಿ ಕೃಷಿ ವಿಸ್ತರಣಾಧಿಕಾರಿ. ಹೈಬ್ರಿಡ್ ಬೀಜ ಹೊಸದಾಗಿ ಬಂದ ಕಾಲ. ರೈತರನ್ನು ಒಪ್ಪಿಸುವುದೇ ನನ್ನ ಕೆಲಸ. ಅವರು ಒಪ್ಪದಿರುವುದೇ ಅವರ ಕೆಲಸ. ಹರಿಯಬ್ಬೆಯ ಒಬ್ಬ ಮುದುಕರು ಒಂದು ದಿನ ನನ್ನ ಭಾಷಣವನ್ನು ಪೂರ್ತಿ ಕೇಳಿ, ಎಲೆಯಡಿಕೆ ಉಗಿದು ಬಂದು, "ಸಾಹೇಬ್ರೇ, ಬಾಯಿ ಮಾತಿನಾಗೆ ನೀವು ಭಾಳ ಚೆಂದ ಬೆಳೀತೀರಿ. ನನ್ನ ಹೊಲದಾಗೆ ಬೆಳ್ದು ತೋರ್ಸ್ರಿ" ಎಂದರು. ಅವರ ಹೊಲವನ್ನೇ ನಡುವೆ ಬದು ಹಾಕಿ ಎರಡು ಮಾಡಿದೆ. ಎಡಕ್ಕೆ ಹೊಸ ಜೋಳ, ಬಲಕ್ಕೆ ಅವರ ಮನೆಯ ಜೋಳ. ಅದೇ ಮಣ್ಣು, ಅದೇ ಗೊಬ್ಬರ, ಅದೇ ಮಳೆ. ಕೊಯ್ಲಿನ ಹೊತ್ತಿಗೆ ಮುದುಕರು ಬದುವಿನ ಮೇಲೆ ನಿಂತು ಎಡಕ್ಕೂ ಬಲಕ್ಕೂ ನೋಡಿ ಏನೂ ಮಾತಾಡದೆ ಮನೆಗೆ ಹೋದರು. ಮರುವರ್ಷ ಬೀಜ ಕೇಳಿಕೊಂಡು ಅವರೇ ಕಚೇರಿಗೆ ಬಂದರು.

ಇದಕ್ಕೆ ಇಲಾಖೆಯಲ್ಲಿ ಪ್ರಾತ್ಯಕ್ಷಿಕೆ ಎನ್ನುತ್ತಿದ್ದೆವು. ಅಂದಿನಿಂದ ನನಗೆ ಒಂದು ಹುಚ್ಚು ಹಿಡಿಯಿತು — ಲೋಕದ ಯಾವ ಜಗಳವನ್ನಾದರೂ ಎಡ ಬಲ ಮಾಡಿ ಪಕ್ಕಪಕ್ಕ ಇಟ್ಟು ತೀರಿಸಬಹುದು ಎಂದು. ಮನೆಯಲ್ಲಿ ಸಾರಿನ ಪುಡಿಗೂ ಮಾಡಿದ್ದೆ. ಹೆಂಡತಿ ಸರೋಜ ಒಂದು ವಾರ ಎರಡು ಪಾತ್ರೆಯಲ್ಲಿ ಸಾರು ಮಾಡಿ, ಆಮೇಲೆ ಎರಡನ್ನೂ ಒಂದೇ ಪಾತ್ರೆಗೆ ಸುರಿದಿಟ್ಟಳು.

ಇನ್ನು ಕಾರು. ಸರೋಜಳ ಅಣ್ಣ ರುದ್ರಪ್ಪನವರು — ನನಗೆ ಭಾವ — ಮತ್ತೋಡಿನಲ್ಲಿ ತೆಂಗು, ಹೊಲ ನೋಡಿಕೊಂಡಿದ್ದರು. ಚಿತ್ರದುರ್ಗದ ಡಾಕ್ಟರೊಬ್ಬರು ಕೆಲಸದಿಂದ ನಿವೃತ್ತರಾಗುವಾಗ ತಮ್ಮ ಹಳೆಯ ಅಂಬಾಸಿಡರ್ ಕಾರನ್ನು ಮಾರಿದರು; ಭಾವನೂ ನಾನೂ ಸೇರಿ ಕೊಂಡೆವು. ಕಾರು ಮತ್ತೋಡಿನಲ್ಲಿ ಅವರ ಕೊಟ್ಟಿಗೆಯ ಪಕ್ಕ ನಿಲ್ಲಬೇಕು, ಓಡಿಸುವುದು ಅವರು, ರಿಪೇರಿ ನೋಡಿಕೊಳ್ಳುವುದು ನಾನು — ಹೀಗೆ ಮಾತಾಗಿತ್ತು. ನನಗೆ ಕಾರು ಕಲಿಸಿದವರೂ ಅವರೇ. ನೀರಿಲ್ಲದ ಕೆರೆಯಂಗಳದಲ್ಲಿ ನನ್ನನ್ನು ಕೂರಿಸಿ, "ಎದುರ್ಗೆ ಏನೂ ಇಲ್ಲ ಸಾಹೇಬ್ರೇ, ಗುದ್ದೋಕೂ ಏನೂ ಸಿಗಲ್ಲ, ಧೈರ್ಯವಾಗಿ ಬಿಡ್ರಿ" ಎನ್ನುತ್ತಿದ್ದರು. ತಂಗಿಯ ಗಂಡನಾದರೂ ನನ್ನನ್ನು ಅವರು ಸಾಹೇಬ್ರೇ ಎಂದೇ ಕರೆಯುತ್ತಿದ್ದರು. ಅದರಲ್ಲಿ ಅರ್ಧ ಮರ್ಯಾದೆ, ಅರ್ಧ ಗೇಲಿ.

ಆ ಊರಿನಲ್ಲಿ ಹೆಣ್ಣು ಕೊಟ್ಟು ತರುವಾಗ ಭಾವನ ಕಾರೇ ಆಗಬೇಕು ಎಂಬಂತೆ ಆಗಿಹೋಗಿತ್ತು. ಕಾರು ಇನ್ನೂ ಅಪರೂಪ. ಯಾರ ಮನೆಯ ಮದುವೆಯೇ ಇರಲಿ, ಭಾವ ಬೆಳಿಗ್ಗೆಯೇ ಕಾರು ತೊಳೆದು, ಬಿಳಿ ಪಂಚೆ ಉಟ್ಟು, ರುಮಾಲು ಸುತ್ತಿ ಹೊರಡುತ್ತಿದ್ದರು. ಹೊಸ ಮದುಮಗಳು ಕಾರಿನಿಂದ ಇಳಿದ ಕೂಡಲೇ, ಹೊಸ್ತಿಲು ತುಳಿಯುವ ಮುಂಚೆ, ಓಡಿಸಿಕೊಂಡು ಬಂದವರ ಕಾಲು ಮುಟ್ಟಬೇಕು. ಅವರು ಅವಳ ಕೈಗೆ ತೆಂಗಿನಕಾಯಿ ಕೊಡಬೇಕು. ಯಾರು ಶುರು ಮಾಡಿದರೋ ತಿಳಿಯದು. ಸುಖವಾಗಿ ಮನೆ ಮುಟ್ಟಿಸಿದವರು ಅಂತ. ಊಟಕ್ಕೆ ಮೊದಲ ಪಂಕ್ತಿಯಲ್ಲಿ ಅವರಿಗೆ ಎಲೆ. ಭಾವ ಇದನ್ನೆಲ್ಲ ದೊಡ್ಡದು ಮಾಡಿ ಹೇಳಿಕೊಂಡವರಲ್ಲ. ಆದರೆ ದಾರಿಯಲ್ಲಿ ಕಂಕುಳಲ್ಲಿ ಮಗುವಿರುವ ಹೆಂಗಸೊಬ್ಬಳು ಸಿಕ್ಕರೆ, "ಇವಳನ್ನ ತಂದಿದ್ದೂ ನಾನೇ, ದಾರಿಯುದ್ದಕ್ಕೂ ಅಳ್ತಿದ್ಲು" ಎಂದು ಹೇಳದೆ ಬಿಡುತ್ತಿರಲಿಲ್ಲ.

ಭಾವನ ಮಗಳು ಶಾಂತಳಿಗೆ ಹೊಳಲ್ಕೆರೆಯ ಗಂಡು ಒಪ್ಪಿಗೆಯಾದ ವರ್ಷ. ಮಗಳನ್ನು ತಾವೇ ಕಾರಿನಲ್ಲಿ ಕರೆದುಕೊಂಡು ಹೋಗಿ ಗಂಡನ ಮನೆಗೆ ಮುಟ್ಟಿಸಬೇಕು ಎನ್ನುವುದು ಅವರ ಆಸೆ. ಅದಕ್ಕೆ ಮುಂಚೆ ಕಾರಿನ ಬ್ರೇಕು ಸರಿ ಮಾಡಿಸಬೇಕಿತ್ತು. ಆಗಿನ ಕಾರುಗಳಲ್ಲಿ ಚಕ್ರದೊಳಗೆ ಬೋಗುಣಿಯಂಥ ಒಂದು ಕಬ್ಬಿಣದ ಡ್ರಮ್ ಇರುತ್ತಿತ್ತು. ಕಾಲು ಒತ್ತಿದರೆ ಲೈನರ್ ಎನ್ನುವ ಬಾಗಿದ ಬಿಲ್ಲೆಗಳು ಅದರ ಒಳಗೋಡೆಗೆ ಉಜ್ಜಿ ಚಕ್ರವನ್ನು ನಿಲ್ಲಿಸುತ್ತಿದ್ದವು. ನಮ್ಮವು ಪೂರ್ತಿ ಸವೆದು, ಡ್ರಮ್ಮಿನಲ್ಲೂ ಗೀರು ಬಿದ್ದಿತ್ತು. ಕಾರಿನ ಕಂಪನಿಯದೇ ಲೈನರ್ ಬೇಕೆಂದರೆ ಚಿತ್ರದುರ್ಗದ ಅಂಗಡಿಯವರು ನಗುತ್ತಿದ್ದರು. ಬೇರೆಯವರು ಮಾಡಿದ ಸರಕೇ ಗತಿ. ಅದರಲ್ಲಿ ಎರಡು ಬಗೆ. ಒಂದು ಗಟ್ಟಿ, ಒಂದು ಮೆತ್ತಗೆ. ಭಾವ ಗಟ್ಟಿಯದನ್ನು ತಂದರು. ಅವರು ತಂದದ್ದು ತಿಳಿಯದೆ ನಾನು ಮೆತ್ತಗಿನದನ್ನು ತಂದೆ. ನಾಲ್ಕು ಚಕ್ರದ ಕಾರಿಗೆ ಎಂಟು ಚಕ್ರಕ್ಕಾಗುವಷ್ಟು ಲೈನರ್ ಆಯಿತು.

ಭಾನುವಾರ ಮತ್ತೋಡಿನಲ್ಲಿ ಊಟಕ್ಕೆ ಕೂತಾಗ ಎರಡನ್ನೂ ನಡುವೆ ಇಟ್ಟುಕೊಂಡು ವಾದ ಶುರುವಾಯಿತು.

"ನೋಡ್ರಿ ಸಾಹೇಬ್ರೇ, ಇದಕ್ಕೆ ಉಗುರು ಇಳಿಯಲ್ಲ. ನಿಮ್ದು ನೋಡ್ರಿ, ಹಪ್ಪಳ."

"ಗಟ್ಟಿ ಇದ್ರೆ ಬಾಳಿಕೆ ಬರ್ತೈತೆ ಭಾವ, ಹಿಡಿತ ಬರಲ್ಲ. ಮೆತ್ತಗಿದ್ದಷ್ಟೂ ಚೆನ್ನಾಗಿ ಹಿಡೀತೈತೆ."

"ಹಿಡೀತೈತೆ, ಸವೀತೈತೆ. ಇರೋಬರೋ ಮದುವೆಗೆಲ್ಲ ಸವೆದು ಹೋದ್ರೆ ನನ್ನ ಮಗಳನ್ನ ಎತ್ತಿನ ಗಾಡಿಯಾಗೆ ಕಳ್ಸಾಣೇನು?"

"ಸವೆದ್ರೆ ಮತ್ತೆ ಹಾಕ್ಸಬಹುದು. ನಿಲ್ದೇ ಇದ್ರೆ ಏನ್ ಮಾಡ್ತೀರಿ?"

"ನಾನು ಓಡ್ಸೋ ಕಾರು ನಿಲ್ದೇ ಇರೋದು ಎಲ್ಲೈತ್ರೀ?"

ಭಾವನ ಹೆಂಡತಿ ಪಾರ್ವತಕ್ಕ ರೊಟ್ಟಿ ತಂದವರು, "ಆ ಕರೇ ತುಂಡು ತಟ್ಟೆ ಪಕ್ಕದಾಗೆ ಇಡಬ್ಯಾಡ್ರಪ್ಪ. ಕೈತಪ್ಪಿ ಬಡಿಸಿಬಿಟ್ರೆ ನೀವಿಬ್ರೂ ಮಾತಿನ ಭರಾಟೆಯಾಗೆ ತಿಂದೂ ಬಿಡ್ತೀರಿ" ಎಂದರು.

ಕೊನೆಗೆ ಭಾವ ಕೈ ತೊಳೆದುಕೊಂಡು ಬಂದು, "ಓಡ್ಸೋನು ನಾನು. ನಂದೇ ಹಾಕ್ಸಿ" ಎಂದರು. ನಾನು ಆಗಲಿ ಎಂದೆ. ಹಿರಿಯರು. ಎರಡು ಕಟ್ಟನ್ನೂ ಡಿಕ್ಕಿಯಲ್ಲಿಟ್ಟುಕೊಂಡು ಕಾರನ್ನು ಹಿರಿಯೂರಿಗೆ ತಂದೆ. ದಾರಿಯಲ್ಲಿ ಹರಿಯಬ್ಬೆಯ ಆ ಹೊಲ ನೆನಪಾಯಿತು. ಭಾವನನ್ನು ಬದುವಿನ ಮೇಲೆ ನಿಲ್ಲಿಸಬೇಕು — ಎಡಕ್ಕೂ ಬಲಕ್ಕೂ ನೋಡಿ ಅವರೂ ಮಾತಾಡದೆ ಮನೆಗೆ ಹೋಗಬೇಕು. ಹೀಗೆಂದುಕೊಂಡೆ. ಆಗಲಿ ಎಂದು ಹೇಳಿ ಬಂದ ಮಾತು ಹಿರಿಯೂರು ಮುಟ್ಟುವಷ್ಟರಲ್ಲಿ ನನ್ನ ಮಟ್ಟಿಗೆ ಕರಗಿಹೋಗಿತ್ತು.

ಹಿರಿಯೂರಿನ ಗ್ಯಾರೇಜಿನ ಬಾಬಾಜಾನ್ ಜೋರು ಮಾತಿನವನು, ಹೊಸದೇನಾದರೂ ಮಾಡಿ ನೋಡುವುದೆಂದರೆ ಊಟ ಬಿಡುವವನು. ಎಡಗಡೆಯ ಎರಡು ಚಕ್ರಕ್ಕೆ ಮೆತ್ತಗಿನದು, ಬಲಗಡೆಯ ಎರಡಕ್ಕೆ ಗಟ್ಟಿಯದು ಹಾಕು ಎಂದಾಗ ಬೇರೆ ಯಾರಾದರೂ ನನ್ನನ್ನು ವಾಪಸು ಕಳಿಸುತ್ತಿದ್ದರು. ಅವನು ತೊಡೆ ತಟ್ಟಿದ.

"ಅರೆ, ದಿನಾ ಇದೇ ಜಗಳ ಸಾಬ್ ನನ್ನ ಅಂಗಡಿ ಮುಂದೆ. ಒಬ್ರು ಗಟ್ಟಿ ಅಂತಾರೆ, ಒಬ್ರು ಮೆತ್ತಗೆ ಅಂತಾರೆ. ಹಾಕಿ ನೋಡೇ ಬಿಡಾಣ."

"ಒಂದು ಕಡೆಗೆ ಎಳೆಯಲ್ವೇನಪ್ಪ?"

"ಎಳೀತೈತೆ ಸ್ವಲ್ಪ. ಎಷ್ಟು ಎಳೀತೈತೆ ಅಂತಾನೂ ಗೊತ್ತಾಗ್ತೈತಲ್ಲ."

ಆದ್ದರಿಂದ, ಗೊತ್ತಿರಲಿಲ್ಲ ಎಂದು ನಾನು ಹೇಳುವಂತಿಲ್ಲ. ಡ್ರಮ್ಮುಗಳನ್ನು ಲೇತಿಗೆ ಕೊಟ್ಟು ನಯ ಮಾಡಿಸಿ, ಲೈನರ್ ಕೂರಿಸಿ, ಹೊರಗಿನಿಂದ ಯಾರಿಗೂ ಏನೂ ಕಾಣದಂತೆ ಚಕ್ರ ಮುಚ್ಚಿದೆವು. ಮತ್ತೋಡಿನ ದಾರಿಯಲ್ಲಿ ನಾನೇ ಬ್ರೇಕು ಒತ್ತಿ ನೋಡಿದೆ. ಕಾರು ಎಡಕ್ಕೆ ಮೂಗು ತಿರುಗಿಸಿತು. ಮತ್ತೆ ಒತ್ತಿದೆ, ಮತ್ತೆ ಎಡಕ್ಕೆ. ನನಗೆ ಹೆದರಿಕೆಯಾಗಲಿಲ್ಲ — ಇದನ್ನು ಬರೆಯುವುದಕ್ಕೇ ನಾಚಿಕೆ — ಸಂತೋಷವಾಯಿತು. ಎಡಗಡೆಯದು ನನ್ನ ಲೈನರ್. ಅದು ಹೆಚ್ಚು ಹಿಡಿಯುತ್ತಿದೆ. ನಾನು ಗೆದ್ದಿದ್ದೆ. ಬ್ರೇಕು ಒತ್ತುವಾಗ ಸ್ಟೀರಿಂಗನ್ನು ಸ್ವಲ್ಪ ಬಲಕ್ಕೆ ಹಿಡಿದುಕೊಂಡರೆ ಕಾರು ನೆಟ್ಟಗೆ ನಿಲ್ಲುತ್ತದೆ ಎಂದು ಕಂಡುಕೊಂಡೆ. ಆದರೆ ಒಂದೇ ದಿನದ ಫಲಿತಾಂಶ ಸಾಲದು, ಬೆಳೆ ಕೊಯ್ಲಿನವರೆಗೂ ನೋಡಬೇಕು. ಬಾಯಿ ಬಿಡದೆ ಕೀಲಿಯನ್ನು ಭಾವನ ಕೈಗೆ ಕೊಟ್ಟೆ.

ಅವರು ಊರ ಸುತ್ತ ಒಂದು ಸಲ ಹೋಗಿ ಬಂದವರೇ, "ಎಡಕ್ಕೆ ಜಗ್ತೈತಲ್ರೀ" ಎಂದರು.

"ಹೊಸ ಲೈನರ್ ಭಾವ. ಕೂರ್ಬೇಕು. ನಾಲ್ಕು ದಿನ ಓಡಾಡಿದ್ರೆ ಸರಿಹೋಗ್ತೈತೆ."

ನನ್ನ ಮಾತನ್ನು ಅವರು ನಂಬಿದರು. ರಿಪೇರಿ ನನ್ನದು, ಓಡಿಸುವುದು ಅವರದು — ಒಬ್ಬರ ಕೆಲಸದಲ್ಲಿ ಇನ್ನೊಬ್ಬರು ಕೈ ಹಾಕಬಾರದು ಎನ್ನುವ ಮನುಷ್ಯ.

ನಿಶ್ಚಿತಾರ್ಥದ ದಿನ ಹೊಳಲ್ಕೆರೆಯಿಂದ ಬೀಗರನ್ನು ಕರೆತರಲು ಭಾವ ಹೋದರು. ನಾನು ಮನೆಯ ಮುಂದೆ ಹಾರ, ಕುಂಕುಮದ ತಟ್ಟೆ, ಕಾಲು ತೊಳೆಯುವ ನೀರು ಎಲ್ಲವನ್ನೂ ಸಾಲಾಗಿ ಜೋಡಿಸಿ ನಿಂತಿದ್ದೆ. ಮನೆಯ ಎಡಕ್ಕೆ, ರಸ್ತೆಗೆ ಹೊಂದಿಕೊಂಡಂತೆ, ಗೊಬ್ಬರದ ಗುಂಡಿ. ಅದೂ ನನ್ನದೇ ಪ್ರಾತ್ಯಕ್ಷಿಕೆ. ತಿಪ್ಪೆಯನ್ನು ಗುಡ್ಡೆ ಹಾಕಬಾರದು, ಗುಂಡಿಯಲ್ಲಿ ಪದರಪದರವಾಗಿ ಕೊಳೆಸಬೇಕು ಎಂದು ಊರಿಗೆ ತೋರಿಸುವುದಕ್ಕೆ ಇಲಾಖೆಯ ಅಳತೆಯಲ್ಲಿ ನಾನೇ ನಿಂತು ತೋಡಿಸಿದ್ದು. ನಾಲ್ಕು ಜನ ನೋಡಲಿ ಎಂದು ರಸ್ತೆಯ ಪಕ್ಕಕ್ಕೇ ತೋಡಿಸಿದ್ದೆ.

ಕಾರು ಬಂತು. ಮುಂದಿನ ಸೀಟಿನಲ್ಲಿ ಗಂಡಿನ ಸೋದರಮಾವ, ಗಂಜಿ ಹಾಕಿದ ಬಿಳಿ ರುಮಾಲಿನಲ್ಲಿ. ಹಿಂದೆ ಬೀಗರ ಹೆಂಗಸರು. ಭಾವ ಗತ್ತಿನಿಂದಲೇ ಬರುತ್ತಿದ್ದರು. ಅಷ್ಟರಲ್ಲಿ ಪಾರ್ವತಕ್ಕ ಅಟ್ಟಿಸಿದ ಕೋಳಿಯೊಂದು ರಸ್ತೆಗೆ ಹಾರಿತು. ಭಾವ ಬ್ರೇಕು ಒತ್ತಿದರು, ಗಟ್ಟಿಯಾಗಿ ಒತ್ತಿದರು. ಕಾರು ಎಡಕ್ಕೆ ತಿರುಗಿ, ಯಾರೋ ಕರೆದಂತೆ ಗೊಬ್ಬರದ ಗುಂಡಿಯ ಅಂಚಿಗೆ ಹೋಗಿ, ಅಲ್ಲಿ ಒಂದು ಕ್ಷಣ ಯೋಚಿಸಿ, ಮೆಲ್ಲಗೆ ಒಳಕ್ಕೆ ಇಳಿಯಿತು.

ಯಾರಿಗೂ ಏನೂ ಆಗಲಿಲ್ಲ. ಗುಂಡಿ ತುಂಬಿತ್ತು, ಮೆತ್ತಗಿತ್ತು. ಸೋದರಮಾವ ಬಾಗಿಲು ತೆಗೆದು ಕಾಲಿಟ್ಟರು, ಮೊಣಕಾಲಿನವರೆಗೂ ಹೋಯಿತು. ಅವರು ಸ್ವಲ್ಪ ಹೊತ್ತು ಕೆಳಗೆ ನೋಡಿ, "ಗೊಬ್ಬರ ಚೆನ್ನಾಗಿ ಕಳಿತೈತೆ ಬೀಗರೇ" ಎಂದರು. ಊರಿಗೆ ಊರೇ ನಕ್ಕಿತು. ಹಿಂದಿನಿಂದ ಬೀಗಿತ್ತಿಯನ್ನು ಇಬ್ಬರು ಕೈ ಹಿಡಿದು ಎಳೆದರು. ನಾನು ಜೋಡಿಸಿಟ್ಟ ಕಾಲು ತೊಳೆಯುವ ನೀರು ಒಬ್ಬರಿಗೂ ಸಾಲಲಿಲ್ಲ.

ನಗು ನಿಂತ ಮೇಲೆ ಸೋದರಮಾವ, ಸಿಟ್ಟಿಲ್ಲದೆ, ಆದರೆ ಎಲ್ಲರಿಗೂ ಕೇಳುವಂತೆ ಕೇಳಿದರು: "ಯಜಮಾನ್ರಿಗೆ ಕಣ್ಣು ಹೆಂಗೆ?"

"ಕಣ್ಣಲ್ರಿ" ಎಂದರು ಭಾವ. "ಕಾರು ಜಗ್ತು. ನನ್ನ ಕಾಲಿಗೆ ಗೊತ್ತಾಗ್ತೈತೆ. ನಾನು ಒತ್ತಿದ್ದು ಸರೀನೇ ಐತೆ." ಗುಂಡಿಯಲ್ಲೇ ನಿಂತು ನನ್ನ ಕಡೆ ತಿರುಗಿದರು. "ಸಾಹೇಬ್ರೇ, ಲೈನರ್ ಹಾಕ್ಸಿದ್ದು ನೀವು. ನೀವೇ ಹೇಳ್ರಿ. ಎರಡೂ ಕಡೆ ಸರಿ ಐತಾ?"

ಎಲ್ಲರೂ ನನ್ನನ್ನು ನೋಡಿದರು. ನನ್ನ ಕೈಯಲ್ಲಿ ಹಾರ. ಒಂದು ಮಾತು ಸಾಕಿತ್ತು — ಇಲ್ಲ ಭಾವ, ಎಡಕ್ಕೊಂದು ಬಲಕ್ಕೊಂದು ಹಾಕ್ಸಿದೀನಿ. ಹೇಳಿದ್ದರೆ ನಗು ನನ್ನ ಮೇಲೆ ತಿರುಗುತ್ತಿತ್ತು. ಕೃಷಿ ಇಲಾಖೆಯ ಸಾಹೇಬರು ಕಾರಿನಲ್ಲಿ ಜೋಳ ಬಿತ್ತಿದರಂತೆ ಎಂದು ವರ್ಷವಿಡೀ ನಗುತ್ತಿದ್ದರು. ಅಷ್ಟೇ. ಅದಕ್ಕಿಂತ ಹೆಚ್ಚಿನದು ಏನೂ ಆಗುತ್ತಿರಲಿಲ್ಲ.

ನಾನು ಹೇಳಿದ್ದು ಇದು: "ಎಲ್ಲಾ ಸರಿ ಐತೆ ಭಾವ. ಕಣ್ಣು ಒಂದ್ಸಲ ತೋರಿಸ್ಕಳ್ರಿ."

ಅವರ ಮುಖವನ್ನು ನಾನು ವರ್ಣಿಸುವುದಿಲ್ಲ. ಅವರು ಬಗ್ಗಿ ತಮ್ಮ ಕಾಲನ್ನು ನೋಡಿಕೊಂಡರು. ಗೊಬ್ಬರದಲ್ಲಿ ಮುಳುಗಿದ್ದ ಕಾಲು ಕಾಣುತ್ತಿರಲಿಲ್ಲ.

ಒಳಗೆ ಇನ್ನೊಂದು ಪ್ರಕರಣ ನಡೆಯಿತು. ಅಪ್ಪನಿಗೆ ಕಣ್ಣಿಲ್ಲ ಎಂದರೆ ಮಗಳಿಗೆ ಹೇಗೋ ಎಂದು ಬೀಗಿತ್ತಿಗೆ ಅನುಮಾನ ಬಂದು, ಶಾಂತಳ ಕೈಗೆ ಸೂಜಿದಾರ ಕೊಟ್ಟು ಪೋಣಿಸು ಎಂದರಂತೆ. ಶಾಂತ ಒಂದೇ ಸಲಕ್ಕೆ ಪೋಣಿಸಿ, "ಇನ್ನೂ ಅವೇನ್ರಿ ಸೂಜಿ? ಎಲ್ಲಾ ತರ್ರಿ, ಒಟ್ಟಿಗೇ ಪೋಣಿಸಿಕೊಡ್ತೀನಿ" ಎಂದಳಂತೆ. ಹುಡುಗಿಗೆ ಬಾಯಿ ಜೋರು ಎಂದು ಬೀಗಿತ್ತಿ ಗೊಣಗಿದರೂ ನಿಶ್ಚಿತಾರ್ಥ ನಿಲ್ಲದೆ ನಡೆಯಿತು. ಅಪ್ಪನ ಪರವಾಗಿ ಮಾತಾಡಿದವಳು ಆ ಮನೆಯಲ್ಲಿ ಅವಳೊಬ್ಬಳೇ.

ಚಿತ್ರದುರ್ಗದ ಕಣ್ಣಿನ ಡಾಕ್ಟರು ಭಾವನನ್ನು ಪರೀಕ್ಷೆ ಮಾಡಿ, ಕಣ್ಣು ಚೆನ್ನಾಗಿದೆ, ಈ ವಯಸ್ಸಿಗೆ ಓದುವುದಕ್ಕೆ ಬೇಕಾದರೆ ಇರಲಿ ಎಂದು ಒಂದು ಕನ್ನಡಕ ಬರೆದುಕೊಟ್ಟರು. ಜೊತೆಗೆ ಹೋದವನು ನಾನೇ. ಓದುವುದಕ್ಕೆ ಮಾತ್ರ ಎಂದು ಡಾಕ್ಟರು ಹೇಳಿದ್ದನ್ನು ನಾನು ಕೇಳಿಸಿಕೊಂಡೆ; ಭಾವನ ತಲೆಗೆ ಹೋದದ್ದು ಕನ್ನಡಕ ಎಂಬ ಮಾತೊಂದೇ. ಭಾವ ಅದನ್ನು ಏಳುವಾಗ ಹಾಕಿಕೊಂಡರೆ ಮಲಗುವಾಗ ತೆಗೆಯುತ್ತಿದ್ದರು. ಹತ್ತಿರದ್ದು ಕಾಣಲು ಮಾಡಿದ ಗಾಜಿನಲ್ಲಿ ದೂರದ್ದು ಮಂಜಾಗುವುದು ಸಹಜ. ಹೊಸ್ತಿಲು ಎಡವಿದರು. ಎದುರು ಬಂದ ಎಮ್ಮೆಗೆ ದಾರಿ ಬಿಡದೆ ಗುದ್ದಿಸಿಕೊಂಡರು. ಬಸ್ಸಿನ ಬೋರ್ಡು ತಪ್ಪಾಗಿ ಓದಿ, ಹೊಸದುರ್ಗಕ್ಕೆ ಹೊರಟವರು ಹಿರಿಯೂರಿಗೆ ಬಂದು ನಮ್ಮ ಮನೆಯಲ್ಲಿ ಊಟ ಮಾಡಿಕೊಂಡು ಹೋದರು.

"ನೋಡು ಸರೋಜಿ," ಎಂದರು ತಂಗಿಗೆ, ಅನ್ನ ಕಲಸುತ್ತ, "ಕಣ್ಣು ಹೋಗೈತೆ ಅಂತ ನಂಗೇ ಗೊತ್ತಿರ್ಲಿಲ್ಲ. ನಿನ್ನ ಗಂಡನೇ ಕಂಡುಹಿಡಿದಿದ್ದು."

ನಾನು ಇನ್ನಷ್ಟು ಸಾರು ಬಡಿಸಿಕೊಂಡೆ. ಕನ್ನಡಕ ತೆಗೆಯಿರಿ ಎನ್ನುವಷ್ಟೂ ಬಾಯಿ ಬರಲಿಲ್ಲ — ಅದನ್ನು ತೆಗೆಸಿದರೆ ಉಳಿದದ್ದೂ ಹೊರಗೆ ಬರುತ್ತದಲ್ಲ.

ಮದುವೆಗೆ ಕೆಲವು ದಿನ ಮುಂಚೆ ಭಾವ ಕೀಲಿ ತಂದು ನನ್ನ ಮುಂದೆ ಇಟ್ಟರು. "ಶಾಂತಿನ ನೀವೇ ಕರ್ಕಂಡ್ ಹೋಗಿ ಮುಟ್ಟಿಸ್ರಿ ಸಾಹೇಬ್ರೇ. ನನ್ನ ಕೈಲಿ ಆಗಲ್ಲ."

ಆಗ ಹೇಳಬೇಕಿತ್ತು. ನಾಲಿಗೆಯ ತುದಿಯವರೆಗೆ ಬಂದದ್ದೂ ನಿಜ. ಆದರೆ ನಾನು ಕೀಲಿ ತೆಗೆದುಕೊಂಡು ನೇರವಾಗಿ ಬಾಬಾಜಾನನ ಗ್ಯಾರೇಜಿಗೆ ಹೋದೆ. ಎಡಗಡೆಯ ಎರಡು ಚಕ್ರದಿಂದ ನನ್ನ ಲೈನರ್ ತೆಗೆಸಿ, ಉಳಿದಿದ್ದ ಭಾವನ ಲೈನರ್ ಹಾಕಿಸಿದೆ. ನಾಲ್ಕಕ್ಕೂ ಗಟ್ಟಿಯದೇ. ಕಾರು ನೂಲು ಹಿಡಿದಂತೆ ನೆಟ್ಟಗೆ ನಿಂತಿತು. ಹಾಗೆಂದು ನನ್ನದು ಕೆಟ್ಟ ಸರಕೇನಲ್ಲ. ನಾಲ್ಕಕ್ಕೂ ಅದನ್ನೇ ಹಾಕಿದ್ದರೂ ಅಷ್ಟೇ ನೆಟ್ಟಗೆ ನಿಲ್ಲುತ್ತಿತ್ತು. ಇಬ್ಬರ ಆಯ್ಕೆಯೂ ಸರಿಯಿತ್ತು.

"ಯಾವ್ದು ಗೆಲ್ತು ಸಾಬ್?" ಎಂದು ಬಾಬಾಜಾನ್ ಆಸೆಯಿಂದ ಕೇಳಿದ. ಆಮೇಲೂ ಸಿಕ್ಕಾಗಲೆಲ್ಲ ಕೇಳುತ್ತಿದ್ದ. ನಾನು ಒಂದು ದಿನವೂ ಉತ್ತರ ಕೊಡಲಿಲ್ಲ.

ಮದುವೆಯ ದಿನ ನಾನು ಬಿಳಿ ಪಂಚೆ ಉಟ್ಟು ಶಾಂತಳನ್ನು ಹೊಳಲ್ಕೆರೆಗೆ ಕರೆದೊಯ್ದೆ. ಭಾವ ಹಿಂದಿನ ಬಸ್ಸಿನಲ್ಲಿ ನೆಂಟರ ಜೊತೆ. ಬೀಗರ ಮನೆ ಮುಂದೆ ಕಾರು ನಿಲ್ಲಿಸಿದಾಗ ಆ ಸೋದರಮಾವ ದೂರ ಸರಿದು ನಿಂತಿದ್ದರು. ಕಾರು ನೇರವಾಗಿ ನಿಂತದ್ದನ್ನು ನೋಡಿ ಹತ್ತಿರ ಬಂದರು. "ಓಡ್ಸೋದು ಅಂದ್ರೆ ಇದು ನೋಡ್ರಪ್ಪ. ಸಾಹೇಬ್ರ ಕೈಯಾಗೆ ಕಾರು ಎಷ್ಟು ಮರ್ಯಾದಸ್ಥ ಆಗೈತೆ." ಎಲ್ಲರೂ ಹೌದೆಂದರು. ಅಷ್ಟರಲ್ಲಿ ಬಸ್ಸೂ ಬಂದಿತ್ತು. ಭಾವ ಇಳಿದು, ಕನ್ನಡಕದೊಳಗಿನಿಂದ ಮಂಜುಮಂಜಾಗಿ ಈ ಕಡೆ ನೋಡುತ್ತ ನಿಂತಿದ್ದರು. ಅವರೂ ಹೌದೆಂದರು.

ಶಾಂತ ಇಳಿದು ನನ್ನ ಕಾಲು ಮುಟ್ಟಿದಳು. ನಾನು ಅವಳ ಕೈಗೆ ತೆಂಗಿನಕಾಯಿ ಕೊಟ್ಟೆ. ಅದು ಭಾವನ ತೋಟದ ಕಾಯಿ, ಅವರೇ ಸುಲಿದು ಕೊಟ್ಟದ್ದು.

ಇಲ್ಲಿಗೆ ನಿಂತಿದ್ದರೂ ಆಗುತ್ತಿತ್ತೇನೋ. ಮದುವೆ ಮುಗಿದ ಮೇಲೆ ನಾನು, "ಈಗ ಬ್ರೇಕು ನೋಡಿಸಿದೀನಿ, ನೀವೇ ಓಡ್ಸಿ ಭಾವ" ಎಂದೆ. ಅವರು ತಲೆಯಾಡಿಸಿದರು. "ಬ್ಯಾಡ ಸಾಹೇಬ್ರೇ. ಅವತ್ತು ನನ್ನ ಕಾಲು ಸರಿಯಾಗಿ ಒತ್ತೈತೆ ಅಂತ ನಂಗೆ ದೇವ್ರಾಣೆ ಗೊತ್ತಿತ್ತು. ಅದೇ ಸುಳ್ಳಾದ್ಮೇಲೆ ನಾನು ಯಾವ ಧೈರ್ಯದ ಮೇಲೆ ಊರ ಹೆಣ್ಮಕ್ಕಳನ್ನ ಕೂರ್ಸ್ಕಳ್ಳಿ?"

ಸುಳ್ಳಾಗಿರಲಿಲ್ಲ. ಅವರ ಕಾಲು ಹೇಳಿದ್ದೇ ನಿಜ, ನನ್ನ ಬಾಯಿ ಹೇಳಿದ್ದು ಸುಳ್ಳು. ಅದನ್ನು ಬಲ್ಲವನು ಎದುರಿಗೇ ಕೂತು, "ನಿಮ್ಮಿಷ್ಟ ಭಾವ" ಎಂದೆ.

ಆಮೇಲೆ ಊರಿನ ಮದುವೆಗಳಿಗೆ ನನಗೆ ಹೇಳಿಕಳಿಸತೊಡಗಿದರು. ರಜೆ ಹಾಕಿ ಹಿರಿಯೂರಿನಿಂದ ಹೋಗುತ್ತಿದ್ದೆ. ಬೇಸರದಿಂದ ಹೋಗುತ್ತಿದ್ದೆ ಎಂದರೆ ಇನ್ನೊಂದು ಸುಳ್ಳಾಗುತ್ತದೆ. ಮೊದಲ ಪಂಕ್ತಿಯ ಎಲೆ ನನಗೆ ಹಿಡಿಸಿತ್ತು. ಹೊಸ ಹುಡುಗಿಯರು ಬಗ್ಗಿ ಕಾಲು ಮುಟ್ಟುವುದು, ಹಿರಿಯರು ಎದ್ದು ಜಾಗ ಕೊಡುವುದು ಹಿಡಿಸಿತ್ತು. ಭಾವ ಹಿಂದಿನ ಸೀಟಿನಲ್ಲಿ ಕೂತಿರುತ್ತಿದ್ದರು. ನಾನು ಬ್ರೇಕು ಒತ್ತಿದಾಗಲೆಲ್ಲ ಅವರ ಬಲಗಾಲು ಕಾರಿನ ನೆಲವನ್ನು ಒತ್ತುವ ಸದ್ದು ನನಗೆ ಕೇಳುತ್ತಿತ್ತು. ನನಗಿಂತ ಒಂದು ಕ್ಷಣ ಮೊದಲು, ಪ್ರತಿ ಸಲವೂ ಸರಿಯಾದ ಜಾಗದಲ್ಲಿ.

ಕಾರು ಹಳತಾಯಿತು, ಮಾರಿದೆವು. ಕೊಂಡವನು ಬಂದ ದಿನ ಭಾವ ಯಾರೂ ಹೇಳದೆ ಹೋಗಿ ಡ್ರೈವರ್ ಸೀಟಿನಲ್ಲಿ ಕೂತರು. ಎಂಜಿನ್ ಆಡಿಸಲಿಲ್ಲ. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ ಮತ್ತೆ ಹಾಕಿಕೊಂಡು, ಇಳಿದು ಬಂದರು. ಅವತ್ತೂ ನಾನು ಹೇಳಲಿಲ್ಲ. ಇನ್ನು ಹೇಳಿ ಏನು ಪ್ರಯೋಜನ ಎಂದುಕೊಂಡೆ. ಪ್ರಯೋಜನವಿದ್ದ ದಿನಗಳಲ್ಲಿ ಧೈರ್ಯವಿರಲಿಲ್ಲ. ಧೈರ್ಯ ಬಂದಿತು ಎನ್ನಿಸಿದ ದಿನ ಪ್ರಯೋಜನವಿಲ್ಲ ಎಂಬ ನೆಪ ಸಿಕ್ಕಿತು. ಹೀಗೇ ನಾನು ನಿವೃತ್ತನಾದೆ, ನನಗೂ ಕನ್ನಡಕ ಬಂತು. ಇಷ್ಟು ವರ್ಷ ಬೆಳಿಗ್ಗೆ ಎದ್ದು ಹಾಸಿಗೆಯನ್ನು ನೇರವಾಗಿ ಸುತ್ತಿಡುತ್ತಲೇ ಇದ್ದೆ.

ಈಚೆಗೆ ಸರೋಜಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬಿಡಿಸುತ್ತಿದ್ದ ಅವರೆಕಾಯಿಯನ್ನು ಕೆಳಗಿಟ್ಟಳು.

"ಆ ಕನ್ನಡಕ?"

"ಅದೂ."

"ಎಮ್ಮೆ ಗುದ್ದಿದ್ದು?"

"ಅದೂ ನನ್ನಿಂದಲೇ."

"ಇದನ್ನ ನಮ್ಮಣ್ಣಗೆ ಹೇಳೋದು ಬಿಟ್ಟು ನಂಗ್ಯಾಕೆ ಹೇಳ್ತೀರಿ?" ಎಂದು ಎದ್ದು ಒಳಗೆ ಹೋದಳು. ಅಂದಿನ ಸಂಜೆಯ ಕಾಫಿ ಬರಲಿಲ್ಲ. ಮರುದಿನದ್ದೂ ಬರಲಿಲ್ಲ.

ಭಾವ ಇದ್ದಾರೆ. ಮತ್ತೋಡಿನಲ್ಲೇ, ಮಗನ ಮನೆಯಲ್ಲಿ, ಮೊಮ್ಮಕ್ಕಳ ನಡುವೆ. ಬೆಳಗಿನ ಹೊತ್ತು ಮನೆ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಾರೆ. ಹೋದ ವಾರ ಹೋಗಿದ್ದೆ. ಹತ್ತಿರ ಕೂತು, ಅವರಿಗೆ ಮಾತ್ರ ಕೇಳುವಂತೆ, ಮೆಲ್ಲಗೆ ಎಲ್ಲವನ್ನೂ ಹೇಳಿದೆ. ಬಾಬಾಜಾನನಿಂದ ಹಿಡಿದು ಕೀಲಿಯವರೆಗೆ, ಒಂದೂ ಬಿಡದೆ. ಅವರು ತಲೆದೂಗುತ್ತ ಕೇಳಿ, ಕೊನೆಗೆ, "ಹೌದ್ರಿ ಸಾಹೇಬ್ರೇ, ಈ ಸಲ ಮಳೆ ಕಮ್ಮಿನೇ" ಎಂದರು. ಅವರಿಗೆ ಈಗ ಕಿವಿ ಪೂರ್ತಿ ಮಂದ. ಬೀದಿಯ ಆ ತುದಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿದರೆ ಮಾತ್ರ ಕೇಳಿಸುತ್ತದೆ ಎಂದು ಮೊಮ್ಮಗಳು ಹೇಳಿದಳು. ನನಗೆ ಅದು ಮೊದಲೇ ತಿಳಿದಿತ್ತು. ತಿಳಿದಿದ್ದರಿಂದಲೇ ಮೆಲ್ಲಗೆ ಹೇಳಿದ್ದೆ.

ನಾಳೆ ಬೆಳಿಗ್ಗೆಯ ಬಸ್ಸಿಗೆ ಮತ್ತೆ ಹೋಗುತ್ತೇನೆ. ಆ ಹೊತ್ತಿಗೆ ಹಾಲಿಗೆ, ನೀರಿಗೆ, ಹೊಲಕ್ಕೆ ಎಂದು ಬೀದಿಯಲ್ಲಿ ಜನ ಇರುತ್ತಾರೆ. ಭಾವನ ಎದುರು ನಿಂತು, ಗಂಟಲು ಎಷ್ಟು ಏರುತ್ತದೋ ಅಷ್ಟು ಏರಿಸಿ, ನಿಮ್ಮ ಕಾಲು ಸರಿಯಾಗಿಯೇ ಒತ್ತಿತ್ತು ಎಂದು ಹೇಳುತ್ತೇನೆ. ಕೇಳಿಸಲಿಲ್ಲ ಎಂದರೆ ಇನ್ನೊಮ್ಮೆ ಹೇಳುತ್ತೇನೆ. ಊರವರೆಲ್ಲ ಕೇಳಿಸಿಕೊಳ್ಳುತ್ತಾರೆ. ಕೇಳಿಸಿಕೊಳ್ಳಲಿ.